ಒಂಬತ್ತು ದ್ರಾಕ್ಷಿಯ ಪರಮಾಣು

ಮೂರನೆಯ ದ್ರಾಕ್ಷಿಯನ್ನು ದಬ್ಬಣದ ತುದಿಯಿಂದ ಎಬ್ಬಿಸಿ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಬೇವಿನ ಮರದ ಹಿಂದಿನಿಂದ ಕೆಮ್ಮು ಕೇಳಿಸಿತು. ಸೂಗಪ್ಪ ಮಾಸ್ತರರು ದ್ರಾಕ್ಷಿಯನ್ನು ಅಗಿಯದೆ ನುಂಗಿದರು, ದಬ್ಬಣವನ್ನು ಟೋಪಿಯೊಳಗೆ ಸಿಕ್ಕಿಸಿದರು, ತೊಡೆಯ ಮೇಲಿದ್ದ ತೆಂಗಿನಕಾಯಿ ಗಾತ್ರದ ಉಂಡಿಯ ಮೇಲೆ ಕೆಂಪು ವಸ್ತ್ರ ಎಳೆದರು. ಮೂರೂ ಕೆಲಸಗಳನ್ನು ಒಟ್ಟಿಗೆ ಮಾಡಿದ್ದರಿಂದ ಒಂದೂ ಪೂರ್ತಿಯಾಗಲಿಲ್ಲ. ದ್ರಾಕ್ಷಿ ಗಂಟಲಲ್ಲಿ ನಿಂತಿತು, ದಬ್ಬಣ ನೆತ್ತಿಗೆ ಚುಚ್ಚಿತು, ವಸ್ತ್ರ ಉಂಡಿಯ ಅರ್ಧಕ್ಕೇ ಮುಗಿಯಿತು.

"ಶರಣ್ರೀ ಮಾಸ್ತರ."

ಮರದ ಹಿಂದಿನಿಂದ ಬಂದವನು ಅವರದೇ ಶಾಲೆಯ ಜವಾನ ಹುಲಗಪ್ಪ.

"ಶರಣು," ಎಂದರು ಮಾಸ್ತರರು, ದ್ರಾಕ್ಷಿಯ ಪಕ್ಕದಿಂದ ದನಿಗೆ ದಾರಿ ಮಾಡಿಕೊಂಡು.

"ಶಿರವಾಳದಿಂದ ಬಂದ್ರೇನ್ರಿ?"

"ಇಲ್ಲ."

ಆ ದಾರಿ ಶಿರವಾಳದಿಂದಲ್ಲದೆ ಬೇರೆಲ್ಲಿಂದಲೂ ಬರುತ್ತಿರಲಿಲ್ಲ. ಹುಲಗಪ್ಪ ದಾರಿಯನ್ನೊಮ್ಮೆ ಹಿಂದಕ್ಕೆ ನೋಡಿ, ಅದು ಇನ್ನೂ ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡ.

"ಅತ್ತಿಯವರು ಅರಾಮ ಅದಾರೇನ್ರಿ?"

"ಅದಾರ."

"ತೊಡಿ ಮ್ಯಾಲ ಏನ್ರಿ ಅದು?"

"ಏನಿಲ್ಲ."

ಹುಲಗಪ್ಪ ಐದು ಮಕ್ಕಳ ತಂದೆ. ಹೆಂಡತಿಯ ತವರಿನಿಂದ ಕೆಂಪು ವಸ್ತ್ರದಲ್ಲಿ ಉಂಡಿ ಕಟ್ಟಿಸಿಕೊಂಡು ಬರುವ ಗಂಡಸು "ಏನಿಲ್ಲ" ಎಂದರೆ ಏನಿದೆ ಎಂಬುದು ಅವನಿಗೆ ಐದು ಸಲ ಗೊತ್ತಾಗಿತ್ತು.

"ಹೌದ್ರಿ, ಏನಿಲ್ಲ. ನಾನೂ ಏನೂ ನೋಡಿಲ್ರಿ," ಎಂದು ಅವನು ಭಾರಿ ಅದಬು ಮರ್ಯಾದೆಯಿಂದ ಪಕ್ಕಕ್ಕೆ ಸರಿದ. ಮಾಸ್ತರರು ಉಂಡಿಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಸೈಕಲ್ಲು ಹತ್ತದೆ, ನಡೆಸಿಕೊಂಡೇ ಹೊರಟರು. "ಹಗೂರ ಹೋಗ್ರಿ, ಮುಂದ ತಗ್ಗು ಅದಾವ!" ಎಂದು ಹುಲಗಪ್ಪ ಹಿಂದಿನಿಂದ ಕೂಗಿದ. ಆಮೇಲೆ ಹೊಲದೊಳಗಿನ ಅಡ್ಡದಾರಿ ಹಿಡಿದು ಅವರಿಗಿಂತ ಮೊದಲೇ ಶಹಾಪುರ ಸೇರಿದ.

ಈಗ ಉಂಡಿಯ ವಿಚಾರ ಹೇಳಬೇಕು.

ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಅದು ನಾಲ್ಕನೆಯ ವರ್ಷ. ಶಾಲೆಗಳಿಂದ ಉರ್ದು ಹೋಗಿ ಕನ್ನಡ ಬಂದಿತ್ತು. ಬಂದದ್ದು ಕನ್ನಡ ಮಾತ್ರ. ಪುಸ್ತಕಗಳು ಇನ್ನೂ ದಾರಿಯಲ್ಲಿದ್ದವು. ಸೂಗಪ್ಪ ಮಾಸ್ತರರಿಗೆ ಎರಡೂ ಭಾಷೆ ಚೆನ್ನಾಗಿಯೇ ಬರುತ್ತಿದ್ದವು, ಆದರೆ ಒಂದೊಂದಕ್ಕೆ ಒಂದೊಂದು ಕೋಣೆ ಇತ್ತು. ಅನ್ನ, ಜ್ವರ, ಸಿಟ್ಟು, ಎಮ್ಮೆ ಇವೆಲ್ಲ ಕನ್ನಡದಲ್ಲಿ. ಬೆಳಕು, ಉಷ್ಣ, ಆಮ್ಲ, ವಿದ್ಯುತ್ತು ಇವೆಲ್ಲ ಉರ್ದುವಿನಲ್ಲಿ. ನಡುವೆ ಬಾಗಿಲಿರಲಿಲ್ಲ. ಈಗ ಸರ್ಕಾರ ಗೋಡೆ ಒಡೆಯಲು ಹೇಳಿತ್ತು.

ಸೂಗಪ್ಪ ಮತ್ತು ಗಣಿತದ ಭಾಗಣ್ಣ ಇಬ್ಬರೂ ಹಂಗಾಮಿ ಮಾಸ್ತರರು. ಶನಿವಾರ ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಯಾದಗಿರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಮೋಟಾರು ಹಿಡಿದು, ಇಬ್ಬರ ಪಾಠವನ್ನೂ ಕೇಳುವವರಿದ್ದರು. ಚೆನ್ನಾಗಿ ಕನ್ನಡದಲ್ಲಿ ಪಾಠ ಮಾಡಿದವನು ಶಹಾಪುರದಲ್ಲೇ ಕಾಯಂ. ಇನ್ನೊಬ್ಬನು ಹುಣಸಗಿಯಲ್ಲಿ ಹೊಸದಾಗಿ ತೆರೆದ ಶಾಲೆಗೆ. ಹುಣಸಗಿ ಒಳ್ಳೆಯ ಊರೇ. ಆದರೆ ಅಲ್ಲಿ ಬಾಡಿಗೆ ಮನೆ ಇರಲಿಲ್ಲ, ಮಳೆಗಾಲದಲ್ಲಿ ದಾರಿ ಇರಲಿಲ್ಲ, ಮತ್ತು ಮಾಸ್ತರರ ಹೆಂಡತಿ ಹಂಪಮ್ಮ "ನೀವು ಹೋಗ್ರಿ, ನಾ ಶಿರವಾಳಕ್ಕ ಹೋಗ್ತೀನಿ" ಎಂದು ಎರಡು ಸಲ ಹೇಳಿಬಿಟ್ಟಿದ್ದಳು. ಮದುವೆಯಾಗಿ ಎರಡನೆಯ ವರ್ಷ. ಮಾಸ್ತರರಿಗೆ ಹುಣಸಗಿಯ ವಿಷಯದಲ್ಲಿ ಬೇರೆ ಕಾರಣಗಳು ಬೇಕಾಗಿರಲಿಲ್ಲ.

ಅವರ ಪಾಲಿಗೆ ಬಂದ ಪಾಠ ಪರಮಾಣುವಿನದು. ಅವರ ಬಳಿ ಇದ್ದದ್ದು ಒಂದೇ ಪುಸ್ತಕ, ಉರ್ದುವಿನದು, ಅವರಿಗಿಂತ ಮೊದಲು ಗೆದ್ದಲು ಓದಿದ್ದು. ಉಳಿದ ಸಾಲುಗಳ ಪ್ರಕಾರ ಥಾಮ್ಸನ್ ಎಂಬ ಇಂಗ್ಲೆಂಡಿನ ಪಂಡಿತರು ಪರಮಾಣುವಿನ ಗುಟ್ಟು ಹಿಡಿದಿದ್ದರು. ಅದು ಅವರ ದೇಶದ ಒಂದು ಸಿಹಿತಿಂಡಿಯ ಹಾಗೆ. ಮೈಯೆಲ್ಲ ಧನ ವಿದ್ಯುತ್ತು, ಅದರೊಳಗೆ ಅಲ್ಲಲ್ಲಿ ಒಣಹಣ್ಣು ಸಿಕ್ಕಿಸಿದಂತೆ ಋಣ ವಿದ್ಯುತ್ತಿನ ಕಣಗಳು. ಚಿತ್ರವಿದ್ದ ಜಾಗದಲ್ಲಿ ತೂತಿತ್ತು.

ಶಹಾಪುರದಲ್ಲಿ ಯಾರೂ ಕಂಡಿರದ ಆ ಸಿಹಿಯನ್ನು ಮಾಸ್ತರರು ಒಂದು ರಾತ್ರಿ ನಿದ್ದೆಗೆಟ್ಟು ಕಡಲೆಹಿಟ್ಟಿನ ಉಂಡಿಗೆ ಇಳಿಸಿದರು. ಉಂಡಿ ಧನ, ದ್ರಾಕ್ಷಿ ಋಣ. ಇಂಗಾಲಕ್ಕೆ ಆರು ದ್ರಾಕ್ಷಿ. ಕೊನೆಯ ಬೆಂಚಿಗೂ ಕಾಣಬೇಕೆಂದರೆ ತೆಂಗಿನಕಾಯಿಯಷ್ಟಾದರೂ ಇರಬೇಕು.

ಎಲ್ಲ ಗುಟ್ಟಾಗಿ ಆಗಬೇಕಿತ್ತು. ಹಿಂದಿನ ವರ್ಷ ಮಾಸ್ತರರು ಕುಂಬಳಕಾಯಿಯ ಮೇಲೆ ಏಳು ಸಮುದ್ರ ಬರೆದು ಭೂಗೋಳ ಮಾಡಿದ್ದರು. ಭಾಗಣ್ಣ ಅದನ್ನು ಒಂದು ದಿನ ಮೊದಲೇ ಎತ್ತಿಕೊಂಡು ಹೋಗಿ ಹಳೆಯ ಇನ್ಸ್‌ಪೆಕ್ಟರರಿಗೆ ಗೋಲದ ಗಣಿತ ಹೇಳಿ ಶಭಾಷ್ ಅನ್ನಿಸಿಕೊಂಡ. ಆಮೇಲೆ ಹುಳಿ ಮಾಡಿಸಿ ಅರ್ಧ ಏಷ್ಯಾ ಖಂಡವನ್ನು ಮಾಸ್ತರರ ಮನೆಗೂ ಕಳಿಸಿದ. ಅಂದಿನಿಂದ ಮಾಸ್ತರರು ತಮ್ಮ ವಿಚಾರಗಳನ್ನು ತಲೆಯೊಳಗೇ ಇಟ್ಟುಕೊಳ್ಳುತ್ತಿದ್ದರು.

ಹಂಪಮ್ಮ ನಾಲ್ಕು ದಿನ ಬಾಗಿಲು ಹಾಕಿಕೊಂಡು ಉಂಡಿ ಕಟ್ಟಿದಳು. ಅಷ್ಟು ದೊಡ್ಡ ಉಂಡಿ ನಿಲ್ಲಲಿಲ್ಲ. ಕಟ್ಟಿದ ಐದೂ ಕುಸಿದವು. ಕುಸಿದದ್ದನ್ನು ಓಣಿಗೆ ಹಂಚಿದರೆ ಗುಟ್ಟು ಬಯಲಾಗುತ್ತದೆ, ಚೆಲ್ಲಿದರೆ ಪಾಪ. ಆದ್ದರಿಂದ ಅವಳೇ ತಿಂದಳು. ಮಾಸ್ತರರು ಸಿಹಿ ತಿಂದರೆ ಅವರ ಹಲ್ಲು ನೋಯುತ್ತಿತ್ತು. ನಾಲ್ಕನೆಯ ದಿನ ಹಂಪಮ್ಮ ಗೋಡೆಗೆ ಒರಗಿ, "ಇನ್ನ ಉಂಡಿ ಅಂತ ಹೆಸರು ತೆಗದ್ರ ನಂಗ ವಾಂತಿ ಬರ್ತದ ನೋಡ್ರಿ" ಎಂದು ಜೋರಾಗಿಯೇ ಹೇಳಿದಳು. ಆ ಗೋಡೆಯ ಆಚೆ ಮಲ್ಲಿಕಮ್ಮನ ಮನೆ ಇತ್ತು.

ಹೀಗಾಗಿ ಮಾಸ್ತರರು ಶಿರವಾಳಕ್ಕೆ ಹೋಗಿ ಅತ್ತೆ ಕಲ್ಯಾಣಮ್ಮನ ಮುಂದೆ ಕೈಕಟ್ಟಿ ನಿಂತರು. ಗಟ್ಟಿ ಪಾಕದ ಉಂಡಿಗೆ ಕಲ್ಯಾಣಮ್ಮ ಹೆಸರಾದವರು.

"ಅತ್ತೀ, ಒಂದು ಉಂಡಿ ಕಟ್ಟಿ ಕೊಡ್ರಿ. ತೆಂಗಿನಕಾಯಿಯಷ್ಟು. ಮ್ಯಾಲ ಆರು ದ್ರಾಕ್ಷಿ. ಮತ್ತ, ಯಾರ ಮುಂದೂ ಹೇಳಬ್ಯಾಡ್ರಿ."

ಕಲ್ಯಾಣಮ್ಮ ಅಳಿಯನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಇರಬೇಕೆಂದುಕೊಂಡು ಮಾಸ್ತರರು ಕಿಟಕಿ ತೆರೆದರು.

"ಆರು ಯಾಕ್ರಿ ಅಳಿಯಾರ, ಒಂಬತ್ತು ಇರ್ಲಿ," ಎಂದರು ಕಲ್ಯಾಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು.

"ಒಂಬತ್ತು ಇಟ್ರ ಅದು ಫ್ಲೋರಿನ್ ಆಗ್ತದ್ರಿ."

"ಏನಾದ್ರೂ ಆಗ್ಲಿ, ಗಂಡಾಗಲಿ ಹೆಣ್ಣಾಗಲಿ," ಎಂದುಬಿಟ್ಟರು ಕಲ್ಯಾಣಮ್ಮ. ಮುದುಕಿಗೆ ವಿಜ್ಞಾನ ತಿಳಿಯುವುದಿಲ್ಲವೆಂದು ಮಾಸ್ತರರು ಸುಮ್ಮನಾದರು. ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ಹೆಚ್ಚಿನ ಮೂರು ದ್ರಾಕ್ಷಿಯನ್ನು ಕಿತ್ತು ತಿಂದು, ಹಲ್ಲು ನೋಯಿಸಿಕೊಂಡು, ಫ್ಲೋರಿನನ್ನು ಮತ್ತೆ ಇಂಗಾಲ ಮಾಡಿದರು. ಕೆಮ್ಮು ಕೇಳಿಸಿದ್ದು ಆವಾಗಲೇ.

ನಮ್ಮ ಕಡೆ ಬಸುರಿ ಹೆಂಗಸಿಗೆ ಮೂರನೆಯ ತಿಂಗಳಿಗೋ ಐದನೆಯದಕ್ಕೋ ತವರಿನವರು ಸೀಮಂತದಂಥ ಕಳ್ಳ ಕುಬಸ ಮಾಡುತ್ತಾರೆ. ಊರಿಗೆಲ್ಲ ಹೇಳಿ ಮಾಡುವ ದೊಡ್ಡ ಕುಬಸ ಆಮೇಲೆ. ಇದು ಕದ್ದು ಮಾಡುವುದು. ತವರಿನಿಂದ ಸಿಹಿ ಮುಚ್ಚಿಕೊಂಡು ಬರಬೇಕು, ಯಾರಾದರೂ ಕೇಳಿದರೆ ಇಲ್ಲ ಅನ್ನಬೇಕು. ಕೇಳುವವರೂ ಇಲ್ಲ ಅನ್ನಿಸಿಕೊಳ್ಳಲಿಕ್ಕೆಂದೇ ಕೇಳಬೇಕು. ಇದರಲ್ಲಿ ಒಂದು ತೊಡಕಿದೆ. ಬಸುರಿಲ್ಲದ ಮನೆಯವರು ಏನು ಹೇಳಬೇಕೆಂಬುದನ್ನು ಪದ್ಧತಿ ಮಾಡಿದವರು ಗೊತ್ತುಮಾಡಿಲ್ಲ.

ಮಾಸ್ತರರು ಹಿಂದಿನ ಓಣಿಯಿಂದ ಮನೆ ಸೇರಿ ಉಂಡಿಯನ್ನು ದೇವರ ಗೂಡಿನಲ್ಲಿಟ್ಟು ಕಾಲು ತೊಳೆಯುವುದರೊಳಗೆ ಮಲ್ಲಿಕಮ್ಮ ಬಟ್ಟಲು ಹಿಡಿದು ಬಂದಿದ್ದಳು.

"ಹೆಪ್ಪಿಗೆ ಒಂಚೂರು ಮಜ್ಜಿಗಿ ಕೊಡ ಹಂಪವ್ವ." ಹಂಪಮ್ಮ ಮಜ್ಜಿಗೆ ತರಲು ಒಳಗೆ ಹೋದಳು. ಮಲ್ಲಿಕಮ್ಮ ದೇವರಿಗೆ ಕೈಮುಗಿಯುವವಳ ಹಾಗೆ ಗೂಡಿನ ಮುಂದೆ ನಿಂತು, ಎರಡು ಬೆರಳಿನಿಂದ ಕೆಂಪು ವಸ್ತ್ರ ಎತ್ತಿದಳು. ಆರು ದ್ರಾಕ್ಷಿ. ಮೂರು ಖಾಲಿ ಕುಳಿ. ಅವಳು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಎಣಿಕೆ ಮುಗಿದಾಗ ಅವಳ ಮುಖದಲ್ಲಿ, ದೊಡ್ಡದೊಂದು ನಿಯಮ ಕಂಡುಹಿಡಿದವರ ಮುಖದಲ್ಲಿ ಇರುತ್ತದೆಂದು ಹೇಳುವ ಶಾಂತಿ ಇತ್ತು.

"ಮೂರು ಮುಗದಾವ," ಎಂದಳು ಮೆಲ್ಲಗೆ. "ಆರು ಉಳದಾವ."

"ಏನ್ರಿ?" ಎಂದರು ಮಾಸ್ತರರು ಬಚ್ಚಲಿನಿಂದ.

"ಏನಿಲ್ರಿ ಮಾಸ್ತರ. ನಿಮ್ಮ ಮನ್ಯಾಗೂ ಏನಿಲ್ಲ, ನಮ್ಮ ಬಾಯಾಗೂ ಏನಿಲ್ಲ."

"ಮಲ್ಲಿಕಮ್ಮ, ಅದು ನೀವು ತಿಳ್ಕೊಂಡಂಗಲ್ಲ!"

"ನಾ ಏನೂ ತಿಳ್ಕೊಂಡೇ ಇಲ್ವಲ್ರೀ," ಎಂದು ನಗುತ್ತ ಅವಳು ಮಜ್ಜಿಗೆ ಮರೆತು ಹೋದಳು. ಹಂಪಮ್ಮ ಬಟ್ಟಲು ಹಿಡಿದು ಹೊರಬಂದಾಗ ಅಂಗಳ ಖಾಲಿ.

"ಎಲ್ಲಿ ಹೋದ್ಲು?"

"ಹೇಳಾಕ," ಎಂದರು ಮಾಸ್ತರರು.

ಮರುದಿನ ಬೆಳಿಗ್ಗೆ ಹಂಪಮ್ಮ ಬಾವಿಗೆ ಹೋದರೆ ಕೊಡವನ್ನು ಮೂವರು ಕಸಿದುಕೊಂಡರು. ಒಬ್ಬಳು ಸೇದಿದಳು, ಒಬ್ಬಳು ಹೊತ್ತಳು, ಮೂರನೆಯವಳು ಖಾಲಿ ಕೈಯಲ್ಲಿ ಹಿಂದೆ ಬಂದು "ಹಗೂರ ಕಾಲಿಡು" ಎಂದಳು. ಹಂಪಮ್ಮ "ನಂಗೇನಾಗ್ಯಾದ?" ಎಂದರೆ "ಏನೂ ಆಗಿಲ್ಲವ್ವ" ಎಂದು ಮೂವರೂ ಒಟ್ಟಿಗೆ ಹೇಳಿದರು. ಮಧ್ಯಾಹ್ನದೊಳಗೆ ಮಾವಿನಕಾಯಿ ಉಪ್ಪಿನಕಾಯಿಯ ನಾಲ್ಕು ಬಟ್ಟಲು ಬಂದವು. ಉಂಡಿಯ ಸಿಹಿಯಿಂದ ಬೇಸತ್ತಿದ್ದ ಹಂಪಮ್ಮ ಅವನ್ನು ಚಪ್ಪರಿಸಿ ತಿಂದಳು. ಅದನ್ನು ನೋಡಿದವರು ನೋಡಬೇಕಾದ್ದನ್ನು ನೋಡಿದರು.

ಶಾಲೆಯಲ್ಲಿ ಭಾಗಣ್ಣ ಕೈ ಹಿಡಿದು ಅಲ್ಲಾಡಿಸಿದ. "ಮಾಸ್ತರ, ನಮ್ಮ ಮುಂದೂ ಮುಚ್ಚಿಟ್ರಲ್ಲ! ಉಂಡಿ ನಾವೂ ನೋಡೂದು ಬ್ಯಾಡೇನು?"

ಉಂಡಿ ಎಂಬ ಮಾತು ಭಾಗಣ್ಣನ ಬಾಯಿಂದ ಬಂದದ್ದೇ ಮಾಸ್ತರರಿಗೆ ಕುಂಬಳಕಾಯಿ ನೆನಪಾಯಿತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಪ್ಪನಾಗಬೇಕಾಗುತ್ತದೆ. ಅವರು ಎರಡನೆಯದನ್ನು ಆರಿಸಿಕೊಂಡರು.

"ಶನಿವಾರ ತನಕ ತಾಳ್ರಿ, ಎಲ್ಲಾ ತಾನ ಹೊರಗ ಬರ್ತದ," ಎಂದರು.

"ಶನಿವಾರಕ್ಕ?" ಭಾಗಣ್ಣ ಬೆಚ್ಚಿಬಿದ್ದ. "ಅಷ್ಟು ಲಗೂನ?"

ಹೆಡ್‌ಮಾಸ್ತರ್ ಉಸ್ಮಾನಸಾಬರು ಮಾತ್ರ ಎಲ್ಲರೂ ಹೋದಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ, "ಮುಬಾರಕ್ ಅನ್ಲೋ ಬ್ಯಾಡೋ?" ಎಂದು ಕೇಳಿದರು. ಹೈದರಾಬಾದಿನಲ್ಲಿ ವಿಜ್ಞಾನ ಓದಿ ಬಂದ ನಿಧಾನದ ಮನುಷ್ಯ. ಐವತ್ತೆರಡನೆಯ ವಯಸ್ಸಿನಲ್ಲಿ ದಿನಕ್ಕೊಂದು ಪುಟ ಕನ್ನಡ ಕಾಪಿ ಬರೆಯುತ್ತಿದ್ದರು. ಕೇಳುವವರೊಬ್ಬರು ಸಿಕ್ಕಿದ್ದಕ್ಕೆ ಮಾಸ್ತರರು ಉಂಡಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟರು.

ಉಸ್ಮಾನಸಾಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಉಂಡಿ ಹಳಸಿ ನಲವತ್ತು ವರ್ಷ ಆತು."

"ನಿನ್ನೆ ಕಟ್ಟಿದ್ದುರಿ!"

"ನಿಮ್ಮ ಅತ್ತಿ ಕಟ್ಟಿದ್ದಲ್ರಿ, ಥಾಮ್ಸನ್ ಸಾಹೇಬ್ರು ಕಟ್ಟಿದ್ದು. ಅವರ ಶಾಗಿರ್ದನೇ, ಅಂದ್ರ ಶಿಷ್ಯನೇ, ಅದನ್ನ ಒಡದ. ರದರ್‌ಫರ್ಡ್ ಅಂತ. ಏನ್ ಮಾಡಿಸಿದ ಗೊತ್ತೇನ್ರಿ? ಚಿನ್ನದ ತೆಳ್ಳನ ಹಾಳಿ ಹಿಡಿಸಿ ಅದರ ಮ್ಯಾಲ ಸಣ್ಣ ಸಣ್ಣ ಕಣ ಹೊಡಿಸಿದ. ಪರಮಾಣು ಖರೇನ ಉಂಡಿ ಇದ್ದಿದ್ರ ಎಲ್ಲಾ ಕಣ ಸೀದಾ ಆಚಿ ಕಡಿ ಹೋಗಬೇಕಿತ್ತು. ಉಂಡ್ಯಾಗ ಎಲ್ಲಾ ಕಡಿ ಮೆತ್ತಗ ಅಲ್ಲೇನ್ರಿ? ಬಹಳಷ್ಟು ಹೋದ್ವು. ಆದ್ರ ಎಂಟು ಸಾವಿರಕ್ಕ ಒಂದು ತಿರುಗಿ ಬಂತು."

"ತಿರುಗಿ ಬಂತೂ?"

"ಮುಖಕ್ಕ ಬಡಿಯೂ ಹಂಗ ತಿರುಗಿ ಬಂತು. ಅಂದ್ರ ನಟ್ಟನಡುವ ಒಂದು ಗಟ್ಟಿ ಕಾಳು ಅದ. ಭಾರ ಎಲ್ಲಾ ಅಲ್ಲೇ. ಉಳಿದದ್ದು ಬರೇ ಖಾಲಿ."

ಮಾಸ್ತರರು ಕುರ್ಚಿಯಲ್ಲಿ ಕುಸಿದರು. ಇವತ್ತು ಶುಕ್ರವಾರ. ಖಾಲಿಯನ್ನು ಕಟ್ಟಿಕೊಡುವ ಅತ್ತೆ ಯಾರಿಗೂ ಇರಲಿಲ್ಲ.

"ಸಾಬ, ನಾಳಿ ಪಾಠ ಮುಗಿಯೂತನಕ ಉಂಡಿನೇ ಖರೇ ಇರ್ಲಿ. ಭಾನುವಾರ ಬೇಕಾದ್ರ ಖಾಲಿ ಆಗ್ಲಿ."

"ಹಂಗ ಆಗ್ಲಿ," ಎಂದರು ಉಸ್ಮಾನಸಾಬರು. "ಆ ಉಂಡಿಗೆ ಒಂದು ಖೂಬಿ, ಒಂದು ಒಳ್ಳೇ ಗುಣ ಇತ್ತು ಮಾಸ್ತರ. ತಪ್ಪಿದ್ರ ತಪ್ಪು ಅಂತ ಗೊತ್ತಾಗೂ ಹಂಗ ಇತ್ತು. ಒಂದು ಕಣ ತಿರುಗಿ ಬಂದ್ರ ಸಾಕು, ಪಂಡಿತ್ರು ಒಪ್ಪಿಕೊಂಡ್ರು. ನಿಮ್ಮ ಮಲ್ಲಿಕಮ್ಮಂದು ನೋಡ್ರಿ. ನೀವು ಹೌದು ಅಂದ್ರೂ ಹೌದು, ಇಲ್ಲ ಅಂದ್ರೂ ಹೌದು. ಅದಕ್ಕ ಏನ್ ಹೊಡದ್ರೂ ತಿರುಗಿ ಬರಂಗಿಲ್ಲ."

ಶನಿವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಸಾಹೇಬರು ಕೊನೆಯ ಬೆಂಚಿನಲ್ಲಿ ಕೂತರು. ಧಾರವಾಡದ ಕಡೆಯಿಂದ ಬಂದ ಬೆಳ್ಳನೆಯ ರುಮಾಲಿನವರು. ಮೋಟಾರಿನ ಧೂಳು ಮೀಸೆಯ ಮೇಲೆ ಹಾಗೇ ಇತ್ತು. ಭಾಗಣ್ಣನ ಪಾಠ ಆಗಲೇ ಮುಗಿದಿತ್ತು. ಅವನು ತ್ರಿಕೋನದ ಬಗ್ಗೆ ಒಂದು ತಾಸು ಶುದ್ಧ ಕನ್ನಡದಲ್ಲಿ ಮಾತಾಡಿದ್ದ. ಎಷ್ಟು ಶುದ್ಧವೆಂದರೆ ಶಹಾಪುರದ ಒಬ್ಬರಿಗೂ ತಿಳಿದಿರಲಿಲ್ಲ.

ಸೂಗಪ್ಪ ಮಾಸ್ತರರು ಮೇಜಿನ ಮೇಲಿನ ಕೆಂಪು ವಸ್ತ್ರ ಎಳೆದರು. ತರಗತಿ "ಓ" ಎಂದಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಲಗಪ್ಪ ಹಣೆ ಚಚ್ಚಿಕೊಂಡ. ಕಳ್ಳ ಕುಬಸದ ಉಂಡಿಯನ್ನು ಯಾರಾದರೂ ಮೇಜಿನ ಮೇಲೆ ಇಡುತ್ತಾರೆಯೆ?

"ಇದು ಪರಮಾಣು," ಎಂದರು ಮಾಸ್ತರರು. ಟೋಪಿಯಿಂದ ದಬ್ಬಣ ತೆಗೆದು ಒಂದೊಂದೇ ದ್ರಾಕ್ಷಿ ಮುಟ್ಟಿ ತೋರಿಸಿದರು. ಉರ್ದುವಿನ ಕೋಣೆಯಿಂದ ಕನ್ನಡದ ಕೋಣೆಗೆ ಸಾಮಾನು ಸಾಗಿಸುವುದು ಅವರು ಹೆದರಿದಷ್ಟು ಕಷ್ಟವಾಗಲಿಲ್ಲ. ಉಂಡಿ ಕನ್ನಡದ ಕೋಣೆಯಲ್ಲೇ ಇದ್ದ ವಸ್ತು, ಅದು ತಾನೇ ನಾಲ್ಕು ಹೆಜ್ಜೆ ಎದುರು ಬಂತು. ಎರಡು ಸಲ ಬಾಯಿ ತಪ್ಪಿ "ಮನ್ಫಿ ದ್ರಾಕ್ಷಿ" ಎಂದರು; ಋಣದ ಉರ್ದು ಹೆಸರು ಅದು. ಮಕ್ಕಳಿಗೆ ಅದೂ ತಿಳಿಯಿತು.

"ಮೂರು ಕುಣಿ ಯಾಕ ಖಾಲಿ ಅದಾವ?" ಸಾಹೇಬರು ಕೇಳಿದರು.

"ಅದು ಮೊದಲ ಫ್ಲೋರಿನ್ ಇತ್ತುರಿ. ದಾರ್‍ಯಾಗ ಇಂಗಾಲ ಆತು."

ಸಾಹೇಬರು ಮುಗುಳ್ನಕ್ಕರು. ಎದ್ದು ಮೇಜಿನ ಬಳಿ ಬಂದರು. "ಮಾಸ್ತರ, ಮ್ಯಾಲ ದ್ರಾಕ್ಷಿ ಕಾಣಸ್ತಾವ, ಸರಿ. ಒಳಗೂ ಹಿಂಗ ಎಲ್ಲಾ ಕಡಿ ಒಂದ ಸಮ ಐತಿ ಅಂತ ಹೆಂಗ ಹೇಳ್ತೀರಿ? ಕೊಡ್ರಿ ಇಲ್ಲೆ." ದಬ್ಬಣ ತೆಗೆದುಕೊಂಡು ಉಂಡಿಯ ಅಂಚಿಗೆ ಚುಚ್ಚಿದರು. ದಬ್ಬಣ ಆಚೆ ಬದಿಗೆ ಹೊರಟಿತು. ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಹೊರಟಿತು. ಮಾಸ್ತರರು ಉಸಿರು ಬಿಟ್ಟರು.

ಸಾಹೇಬರು ನಟ್ಟನಡುವೆ ಚುಚ್ಚಿದರು.

ಟಕ್.

ದಬ್ಬಣ ನಿಂತಿತು. ಸಾಹೇಬರು ಒತ್ತಿದರು, ಅದು ಜಾರಿ ತಿರುಗಿ ಅವರ ಬೆರಳಿಗೇ ಬಡಿಯಿತು. ಕಿಟಕಿಯ ಬಳಿ ನಿಂತಿದ್ದ ಉಸ್ಮಾನಸಾಬರು "ಯಾ ಅಲ್ಲಾಹ್" ಎಂದದ್ದು ಎಲ್ಲರಿಗೂ ಕೇಳಿಸಿತು.

"ಒಳಗೇನೈತಿ ಮಾಸ್ತರ?"

ಒಳಗೇನಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತಿದ್ದವರು ಮಾಸ್ತರರು. ಅವರು ಟೋಪಿ ಸರಿಮಾಡಿಕೊಂಡರು. ಸಾಹೇಬರೇ ಉಂಡಿಯನ್ನು ಎರಡು ಕೈಯಿಂದ ಹಿಡಿದು ಮೇಜಿನ ಅಂಚಿಗೆ ಕುಟ್ಟಿ ಒಡೆದರು. ಒಂದು ಹೋಳಿನ ನಡುವೆ, ಮೆತ್ತನೆಯ ಹಿಟ್ಟಿನಲ್ಲಿ, ಗಟ್ಟಿಯಾಗಿ ಒಂದು ಇಡೀ ಬೆಟ್ಟಡಿಕೆ ಕೂತಿತ್ತು.

ಸಾಹೇಬರು ಮಾಸ್ತರರ ಬೆನ್ನಿನ ಮೇಲೆ ಬಲವಾಗಿ ಹೊಡೆದರು.

"ಶಭಾಷ್! ಹಳೇ ಸಿದ್ಧಾಂತ ಹೊರಗ, ಅದರ ಕೊರತಿ ಒಳಗ! ನಾನೇ ಚುಚ್ಚಿ ನಾನೇ ಕಂಡುಹಿಡೀಬೇಕು ಅಂತ ಬಾಯಿ ಮುಚ್ಚಿಕೊಂಡು ನಿಂತೀರಿ! ಇಪ್ಪತ್ತು ವರ್ಷ ಪಾಠ ನೋಡೇನಿ, ಇಂಥಾದ್ದು ನೋಡಿಲ್ಲ."

"ಅದು... ಹಂಗಲ್ರಿ..." ಎಂದರು ಮಾಸ್ತರರು.

"ವಿನಯ ಸಾಕು," ಎಂದರು ಸಾಹೇಬರು.

ಹೊರಗೆ ಬಂದು ಮರದ ಕೆಳಗೆ ನಿಂತು ಅವರು ತೀರ್ಮಾನ ಹೇಳಿದರು. "ಮಾಸ್ತರ, ನೀವು ಕಾಯಂ. ಅದರಾಗ ಮಾತಿಲ್ಲ. ಆದ್ರ ಇಂಥಾ ಮಾಸ್ತರು ಹೊಸ ಸಾಲಿಗೇ ಬೇಕು. ನಿಮ್ಮನ್ನ ಹುಣಸಗಿಗೆ ಹಾಕ್ತೀನಿ."

ಮಾಸ್ತರರ ಮುಖ ಕುಸಿದ ಉಂಡಿಯಂತಾಯಿತು. ಇಷ್ಟು ಹೊತ್ತು ಚಡಪಡಿಸುತ್ತಿದ್ದ ಹುಲಗಪ್ಪ ಮುಂದೆ ಬಂದು ಕೈಮುಗಿದ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಮಾಸ್ತರ ಬಾಯಿ ಬಿಟ್ಟು ಹೇಳಂಗಿಲ್ಲ, ಪದ್ಧತಿ ಅದ. ಅವರ ಮನ್ಯಾಗ ಹಂಪವ್ವ ಎರಡು ಜೀವದಾಕಿ ಆಗ್ಯಾಳ್ರಿ. ಮೂರು ಮುಗದಾವ. ಆ ಉಂಡಿ ಕಳ್ಳ ಕುಬಸದ್ದು. ಪಾಠ ಕಲಿಸಾಕ ಹೆಂಡತಿ ಉಂಡಿನೂ ತಂದಿಟ್ಟಾರ, ನೋಡ್ರಿ ಎಂಥಾ ಮನುಷ್ಯಾ! ಇಂಥಾ ಹೊತ್ತಿನ್ಯಾಗ ಹುಣಸಗಿ ಅಂದ್ರ ಆಕಿ ಹ್ಯಾಂಗ ಮಾಡಬೇಕ್ರಿ?"

ಸಾಹೇಬರು ಮಾಸ್ತರರ ಕಡೆ ತಿರುಗಿದರು. "ಹೌದೇನ್ರಿ?"

ಹುಲಗಪ್ಪನಿಗೆ "ಏನಿಲ್ಲ", ಮಲ್ಲಿಕಮ್ಮನಿಗೆ "ಹಾಗಲ್ಲ" ಎಂದು ಹೇಳುತ್ತ ಬಂದ ಸೂಗಪ್ಪ ಮಾಸ್ತರರು, ಆ ಮಾತು ನಿಜವಾಗಿ ಬೇಕಾದ ಹೊತ್ತಿಗೆ, ಕೆಮ್ಮಿದರು.

"ಮೊದಲ ಹೇಳಬಾರದೇನ್ರಿ! ಹಂಗಿದ್ರ ನೀವು ಶಹಾಪುರದಾಗೇ ಇರ್ರಿ, ಹುಣಸಗಿಗೆ ಆ ತ್ರಿಕೋನದವರು ಹೋಗ್ಲಿ. ಊಟ ನಿಮ್ಮ ಮನ್ಯಾಗೇ ಅಲ್ಲೇನು? ನಡೀರಿ, ಆರ್ಡರು ಅಲ್ಲೇ ಬರದು ಕೊಡ್ತೀನಿ. ಆ ಹೋಳು ತಗೊಳ್ರಿ, ಅಡಿಕಿ ಇದ್ದದ್ದು. ಅದು ಆಕಿಗೆ ಸಲ್ಲಬೇಕಾದ್ದು."

ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು. ಇನ್ಸ್‌ಪೆಕ್ಟರರ ಊಟಕ್ಕೆ ಕೈಜೋಡಿಸಲು ಬಂದಿದ್ದೇವೆ ಎಂದು ಎಲ್ಲರೂ ಹೇಳುತ್ತಿದ್ದರು. ಒಬ್ಬರೂ ಅಡುಗೆ ಮನೆಯಲ್ಲಿರಲಿಲ್ಲ. ಶಿರವಾಳದಿಂದ ಕಲ್ಯಾಣಮ್ಮ ಬಂಡಿಯಲ್ಲಿ ಬಂದಿದ್ದರು, ಮಡಿಲಲ್ಲಿ ಹಸಿರು ಕುಬಸದ ಖಣ. ನಡುವೆ ಮಣೆಯ ಮೇಲೆ, ಏನು ನಡೆದಿದೆಯೆಂದು ಹೇಳಿದರೂ ಯಾರೂ ಕೇಳದ ಹಂಪಮ್ಮ ಕೂತಿದ್ದಳು.

ಸಾಹೇಬರು ಕಟ್ಟೆಯ ಮೇಲೆ ಕಾಗದ ಹರವಿ, ಪೆನ್ನಿನ ಟೋಪಿ ತೆಗೆದು, "ಸೂಗಪ್ಪ, ಕಾಯಂ, ಶಹಾಪುರ" ಎಂದು ದೊಡ್ಡ ದನಿಯಲ್ಲಿ ಓದಿಕೊಳ್ಳುತ್ತ ಬರೆದರು. ಸಹಿಯ ಜಾಗಕ್ಕೆ ಬಂದು ಪೆನ್ನು ಎತ್ತಿದರು.

"ಮೊದಲ ಆಕಿ ಬಾಯಿ ಸಿಹಿ ಆಗ್ಲಿ. ಆಮ್ಯಾಲ ಸಹಿ."

ಕಲ್ಯಾಣಮ್ಮ ಅಳಿಯ ತಂದ ಕೆಂಪು ವಸ್ತ್ರ ಬಿಚ್ಚಿದರು. ಒಡೆದ ಹೋಳು ಕಂಡು ಗಾಬರಿಯಾದರು, ನಡುವಿನ ಅಡಿಕೆ ಜಾಗ ಬಿಡದೆ ಕೂತದ್ದನ್ನು ಕಂಡು ಮುಖ ಅರಳಿತು. "ನೋಡ್ರೆವ್ವ, ಒಡದ್ರೂ ಬಿದ್ದಿಲ್ಲ! ಕೂಸು ಹಿಂಗ ಗಟ್ಟಿ ಕುಂದರಲಿ ಅಂತ ನಮ್ಮ ತವರಿನ್ಯಾಗ ನಡುವ ಅಡಿಕಿ ಇಡ್ತಾರ."

ಮಾಸ್ತರರಿಗೆ ಆಗ ಪರಮಾಣುವಿನ ರಚನೆ ಪೂರ್ತಿ ಅರ್ಥವಾಯಿತು. ಅವರು ಕಂಬದ ಮರೆಯಿಂದ ಹೆಂಡತಿಯ ಕಡೆ ನೋಡಿದರು. ಶಹಾಪುರ, ಈ ಮನೆ, ಈ ಕಂಬ, ಎಲ್ಲವೂ ಒಂದು ತುತ್ತಿನ ಮೇಲೆ ನಿಂತಿದೆ ಎಂದು ಕಣ್ಣಿನಲ್ಲೇ ಹೇಳಿದರು. ಕಣ್ಣಿನಲ್ಲಿ ಅಷ್ಟು ಮಾತು ಹಿಡಿಯುವುದಿಲ್ಲ. ಹಂಪಮ್ಮನಿಗೆ ಕಂಡದ್ದು, ನಾಲ್ಕು ದಿನದಲ್ಲಿ ತನಗೆ ಐದು ಉಂಡಿ ತಿನ್ನಿಸಿದ ಮನುಷ್ಯ ಆರನೆಯದಕ್ಕೆ ಬೇಡುತ್ತಿರುವುದು ಮಾತ್ರ.

"ತಿಂದ್ರ ಶುಭ ಅಲ್ಲೇನವ್ವ?" ಎಂದು ಸಾಹೇಬರು ಪಕ್ಕದಲ್ಲಿದ್ದ ಮಲ್ಲಿಕಮ್ಮನನ್ನು ಕೇಳಿದರು.

"ತಿಂದ್ರ ಶುಭರೀ ಸಾಹೇಬ್ರ," ಎಂದಳು ಮಲ್ಲಿಕಮ್ಮ, ಸೆರಗು ಸರಿಮಾಡಿಕೊಂಡು. "ಸಿಹಿ ಮುಂದ ಬಂದ್ರ ಮುಖ ತಿರುವಿ ಒಲ್ಲೆ ಅಂದ್ರ ಇನ್ನೂ ಪಕ್ಕಾ. ಮತ್ತ ಕೇಳೂದೇ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಉಸ್ಮಾನಸಾಬರು ಕನ್ನಡಕ ತೆಗೆದು ಒರೆಸತೊಡಗಿದರು.

ಕಲ್ಯಾಣಮ್ಮ ಹೋಳನ್ನು ಮಗಳ ತುಟಿಯ ಹತ್ತಿರ ಒಯ್ದರು. ಕಡಲೆಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಹಂಪಮ್ಮ ಗಂಡನನ್ನು ನೋಡಿದಳು, ಪೆನ್ನು ನೋಡಿದಳು, ಉಂಡಿ ನೋಡಿದಳು. ಆಮೇಲೆ ಕುತ್ತಿಗೆ ಅತ್ತ ತಿರುಗಿಸಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದಳು:

"ನಾ ಒಲ್ಲೆ."